ಬಿಳಿ ಡಬ್ಬಿಯ ಮೇಲೆ ಗೀಚಬಾರದು

ಗ್ರಾಫಿಕ್ ಡಿಸೈನ್ ಕಲಿತವರಿಗೆಲ್ಲ ಮೇಷ್ಟ್ರು ಎಂದರೆ ಅವರೊಬ್ಬರೇ. ಕಾಲೇಜಿನಲ್ಲಿ ಪಾಠ ಹೇಳಿದ್ದು ನಾಲ್ಕೇ ವರ್ಷ. ಆದರೆ ಅವರ ಮುಖವನ್ನೇ ನೋಡದವರೂ ಅವರ ಶಿಷ್ಯರೆಂದು ಹೇಳಿಕೊಂಡು ತಿರುಗುತ್ತಿದ್ದರು. ಅಷ್ಟಕ್ಕೂ ಕಾರಣ ಒಂದು ಮಾತ್ರೆ ಡಬ್ಬಿ.

ಮೂವತ್ತು ವರ್ಷದ ಹಿಂದೆ ಔಷಧಿ ಅಂಗಡಿಯ ಕಪಾಟು ನೋಡಿದರೆ ತಲೆನೋವಿಲ್ಲದವರಿಗೂ ತಲೆನೋವು ಬರುತ್ತಿತ್ತು. ಒಂದು ಡಬ್ಬಿ ಕೆಂಪು, ಒಂದು ಗಿಳಿಹಸಿರು, ಇನ್ನೊಂದರ ಮೇಲೆ ಹಲ್ಲು ಕಿರಿಯುವ ಹೆಂಗಸು. ಮೇಷ್ಟ್ರು ಒಂದು ಕಂಪನಿಗಾಗಿ ಅದನ್ನೆಲ್ಲ ಗುಡಿಸಿ ಹಾಕಿದರು. ಅಪ್ಪಟ ಬಿಳಿ ಡಬ್ಬಿ, ಎಡ ಅಂಚಿಗೆ ಸಣ್ಣ ಅಕ್ಷರದಲ್ಲಿ ಮಾತ್ರೆಯ ಹೆಸರು, ಕೆಳಗೊಂದು ತೆಳು ಗೀಟು. ಮಾತ್ರೆ ಬೇರೆಯಾದರೆ ಗೀಟಿನ ಬಣ್ಣವಷ್ಟೇ ಬೇರೆ, ಅದೂ ಬೂದು ನೀಲಿ, ಬೂದು ಹಸಿರು, ಹೀಗೆ ಮೆಲುದನಿಯಲ್ಲಿ. "ಕಾಯಿಲೆ ಇರೋ ಮನೇಲಿ ಗಲಾಟೆ ಬೇಡ" ಎಂದು ಅವರು ಹೇಳಿದ ಮಾತನ್ನು ಶಿಷ್ಯರು ಗೋಡೆಗೆ ಅಂಟಿಸಿಕೊಂಡರು. ಪ್ರಶಸ್ತಿ ಬಂತು. ಮಿಕ್ಕ ಕಂಪನಿಗಳೂ ನಾಚಿಕೆಯಿಲ್ಲದೆ ನಕಲು ಹೊಡೆದವು. ಈಗ ಯಾವ ಅಂಗಡಿಗೆ ಹೋದರೂ ಕಪಾಟು ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ.

ಈ ಡಬ್ಬಿಗಳನ್ನು ಕಂಡು ಮೇಷ್ಟ್ರ ಅಕ್ಕ ಹಿಗ್ಗಿದಷ್ಟು ಬೇರೆ ಯಾರೂ ಹಿಗ್ಗಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಹೊಲಿಗೆ ಯಂತ್ರ ತುಳಿದು ಓದಿಸಿದವರು ಅವರು. ತಮ್ಮನ ಚಿತ್ರದ ಹಾಳೆಯ ಮೂಲೆಯಲ್ಲಿ ಅಪ್ಪ ಒಮ್ಮೆ ಯಾರದೋ ಫೋನ್ ನಂಬರ್ ಬರೆದುಕೊಂಡಿದ್ದಕ್ಕೆ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ತಮ್ಮ ಬರೆದದ್ದರ ಮೇಲೆ ಯಾರೂ ಗೀಚಬಾರದು ಎಂಬುದು ಆ ಮನೆಯ ಕಾನೂನಾಗಿತ್ತು. ವಯಸ್ಸಾಗಿ, ಮಾತ್ರೆಯಿಲ್ಲದೆ ದಿನ ಕಳೆಯದ ಹಾಗಾದಾಗ, ಅಕ್ಕ ಡಬ್ಬಿಗಳನ್ನು ಹಾಸಿಗೆಯ ಪಕ್ಕ ಸಾಲಾಗಿ ಜೋಡಿಸಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. "ನಮ್ಮ ಪುಟ್ಟ ಮಾಡಿದ್ದು. ಕಾಯಿಲೆ ಬಂದಿದ್ದೂ ಸಾರ್ಥಕ ಆಯ್ತು ನೋಡಿ" ಎನ್ನುತ್ತಿದ್ದರು.

ಆ ಸಾಲಿನಲ್ಲಿ ಒಂದು ರಕ್ತ ತೆಳುವಾಗಿಸುವ ಮಾತ್ರೆ. ದಿನಕ್ಕೆ ಒಂದೇ ಒಂದು. ಪಕ್ಕದ್ದು ಗ್ಯಾಸ್ಟ್ರಿಕ್ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ಬೂದು ನೀಲಿಗೂ ಬೂದು ಹಸಿರಿಗೂ ವ್ಯತ್ಯಾಸ ಹೇಳಲು ಪೊರೆಯಿಲ್ಲದ ಕಣ್ಣೇ ತಿಣುಕಬೇಕು. ಮೂರು ವಾರ ಅದನ್ನು ಇದೆಂದು, ಇದನ್ನು ಅದೆಂದು ನುಂಗಿದರು. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿತು. ತಲೆಗೆ ಬಿದ್ದದ್ದು ಸಣ್ಣ ಪೆಟ್ಟೇ, ಆದರೆ ಒಳಗೆ ಹರಿದ ರಕ್ತ ನಿಲ್ಲಲಿಲ್ಲ. ಈಗ ಬಲಭಾಗ ಬಿದ್ದುಹೋಗಿದೆ, ಮಾತಿಲ್ಲ, ಯಾರ ಗುರುತೂ ಇಲ್ಲ. ಎಡಗೈ ಆಗಾಗ ಆಡುತ್ತದೆ; ಅದಕ್ಕೆ ಅರ್ಥವೇನೂ ಇಲ್ಲ, ಇನ್ನು ಹೀಗೇ ಎಂದು ಡಾಕ್ಟರು ಕೈಚೆಲ್ಲಿದ್ದಾರೆ.

ಮೇಷ್ಟ್ರಿಗೆ ಉಳಿದದ್ದು ಒಂದೇ ಹಟ. ಆ ಎರಡು ಡಬ್ಬಿಗಳನ್ನಾದರೂ ಬದಲಾಯಿಸಬೇಕು, ಇನ್ನೊಬ್ಬರ ಅಕ್ಕ ಹೀಗೆ ಮಲಗಬಾರದು. ರಕ್ತದ ಮಾತ್ರೆಗೆ ಮೈತುಂಬ ಕೆಂಪು ಬಳಿದು, ದಪ್ಪ ಅಕ್ಷರ ಬರೆದು, ತಾವೇ ಕತ್ತರಿಸಿ ಅಂಟಿಸಿ ಒಂದು ಡಬ್ಬಿ ಮಾಡಿದರು. ಕಂಪನಿಗೆ ಮೊದಲೊಂದು ಪತ್ರ ಬರೆದು, ಆಮೇಲೆ ಅದನ್ನು ಹಿಡಿದು ತಾವೇ ಹೋದರು. ಅಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥೆ ಅವರ ಹಳೆಯ ಶಿಷ್ಯೆ.

"ಇಂಥದ್ದು ಮಾಡ್ಕೊಂಡು ಬಂದಿದ್ರೆ ನೀವು ನನ್ನನ್ನ ಕ್ಲಾಸಿಂದ ಆಚೆ ಹಾಕ್ತಿದ್ರಿ ಸಾರ್" ಎಂದಳು ಅವಳು, ಡಬ್ಬಿಯನ್ನು ತಿರುಗಿಸಿ ನೋಡುತ್ತ.

"ಹಾಕ್ತಿದ್ದೆ. ಆಗ ಕೊಬ್ಬಿತ್ತು. ಈಗ ಇದನ್ನ ಮಾಡಿಸಮ್ಮ."

ಅವಳು ಕಪಾಟಿನಿಂದ ಒಂದು ಪುಸ್ತಕ ತೆಗೆದಳು. ಡಬ್ಬಿಗಳನ್ನು ಹೇಗೆ ಅಚ್ಚು ಹಾಕಬೇಕೆಂದು ಮೇಷ್ಟ್ರೇ ಬರೆದುಕೊಟ್ಟ ನಿಯಮಗಳ ಪುಸ್ತಕ. ಕೊನೆಯ ಪುಟದಲ್ಲಿ ಹೀಗಿತ್ತು: 'ಬಿಳಿಯನ್ನು ಮುಟ್ಟಕೂಡದು. ಯಾರು ಕೇಳಿದರೂ, ನಾಳೆ ನಾನೇ ಬಂದು ಕೇಳಿದರೂ.' ಕೆಳಗೆ ಅವರದೇ ಸಹಿ.

"ತಮಾಷೆಗೆ ಬರೆದಿದ್ದು ಕಣಮ್ಮ."

"ನಂಗೊತ್ತು ಸಾರ್. ಮೇಲಿನೋರಿಗೆ ಇದೇ ನೆಪ ಸಾಕಾಯ್ತು. ಈಗ ಬದಲಾಯಿಸಿದ್ರೆ ಮುಂಚೆ ತಪ್ಪಾಗಿತ್ತು ಅಂತ ಒಪ್ಕೊಂಡ ಹಾಗೆ ಅಂತಾರೆ ವಕೀಲರು. ನಿಮ್ಮ ಪತ್ರ ಬಂದಾಗಿಂದ ಎರಡು ಸಲ ಕೇಳ್ದೆ." ಅವಳ ಕಣ್ಣು ತುಂಬಿತ್ತು. "ನಾವು ಬದಲಾಯಿಸಿದ್ರೂ ಮಿಕ್ಕ ಕಂಪನಿಯೋರು ಇದಾರಲ್ಲ. ಎಲ್ರೂ ನಿಮ್ಮಿಂದಲೇ ಕಲ್ತಿದ್ದು ಸಾರ್."

ಪಾಪ, ಅವಳು ಚುಚ್ಚಲೆಂದು ಹೇಳಿದ್ದಲ್ಲ. ಸಮಾಧಾನಕ್ಕೆಂದೇ ಹೇಳಿದ್ದು. ಮೇಷ್ಟ್ರು ಕೆಂಪು ಡಬ್ಬಿಯನ್ನು ಅವಳ ಮೇಜಿನ ಮೇಲೇ ಬಿಟ್ಟು ಎದ್ದರು.

ದಾರಿಯಲ್ಲಿ ಅಕ್ಕನ ಮಾತ್ರೆಗೆಂದು ಮನೆ ಹತ್ತಿರದ ಔಷಧಿ ಅಂಗಡಿಗೆ ಹೋದರು. ಅಂಗಡಿಯವನು ಒಬ್ಬ ಮುದುಕರ ಡಬ್ಬಿಗಳ ಮೇಲೆ ದಪ್ಪ ಮಾರ್ಕರಿನಿಂದ 'ಬೆಳಿಗ್ಗೆ', 'ರಾತ್ರಿ' ಎಂದು ಸೊಟ್ಟ ಸೊಟ್ಟ ಗೀಚುತ್ತಿದ್ದ. ಅಕ್ಷರಗಳು ಗೀಟನ್ನೆಲ್ಲ ತುಳಿದುಕೊಂಡು ಹೋಗಿದ್ದವು. ಮಾರುದ್ದದಿಂದಲೂ ಓದಬಹುದಿತ್ತು.

"ಎಲ್ರಿಗೂ ಹೀಗೆ ಬರೆದುಕೊಡ್ತೀರಾ?"

"ಇನ್ನೇನ್ಮಾಡೋದು ಸಾರ್? ಎಲ್ಲಾ ಒಂದೇ ಥರ ಮಾಡಿಟ್ಟವ್ರೆ..." ಎಂದವನು ಯಾರೊಡನೆ ಮಾತಾಡುತ್ತಿದ್ದೇನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ನಮ್ಮಕ್ಕಂಗೆ ಯಾಕಯ್ಯಾ ಬರೆದುಕೊಡಲಿಲ್ಲ? ಅವರೊಬ್ರಿಗೆ?"

"ಬರೆದಿದ್ದೆ ಸಾರ್, ದೇವರಾಣೆ! ನನ್ನ ಮೇಲೆ ಹರಿಹಾಯ್ದರು. ನನ್ನ ತಮ್ಮ ಮಾಡಿದ್ದರ ಮೇಲೆ ಗೀಚೋಕೆ ನೀನ್ಯಾರೋ ಅಂದ್ರು. ಇಲ್ಲೇ ಸ್ಪಿರಿಟ್ ಇಸ್ಕೊಂಡು, ಹತ್ತೀಲಿ ಉಜ್ಜಿ ಉಜ್ಜಿ, ಬೆಳ್ಳಗೆ ಮಾಡ್ಕೊಂಡು ತಗೊಂಡು ಹೋದ್ರು."

ಮೇಷ್ಟ್ರು ಮಾತ್ರೆಯ ಜೊತೆಗೆ ಒಂದು ಮಾರ್ಕರನ್ನೂ ಕೇಳಿ ತೆಗೆದುಕೊಂಡರು.

ಮನೆಯಲ್ಲಿ ಅಕ್ಕನನ್ನು ನೋಡಿಕೊಳ್ಳುವ ಆಯಾ ಬಟ್ಟೆ ಮಡಚುತ್ತಿದ್ದಳು. ಮೇಷ್ಟ್ರು ಮಂಚದ ತುದಿಯಲ್ಲಿ ಕೂತು ಡಬ್ಬಿಯ ಮೇಲೆ ಬರೆಯತೊಡಗಿದರು. ಕೈ ತಾನಾಗಿ ಎಡ ಅಂಚಿಗೆ ಹೋಯಿತು, ಸುತ್ತ ಜಾಗ ಬಿಟ್ಟಿತು, ಗೀಟನ್ನು ತಪ್ಪಿಸಿತು. ಬರೆದು ಮುಗಿಸಿ ಆಯಾಗೆ ಕೊಟ್ಟರು.

"ಇದೇನ್ ಸಾರ್, ಇರುವೆ ಸಾಲು? ಕಾಣೋ ಹಾಗೆ ಬರೀರಿ."

ಇನ್ನೊಂದು ಡಬ್ಬಿ ತೆಗೆದುಕೊಂಡು ಹಲ್ಲು ಕಚ್ಚಿ ಬರೆದರು. ಅದೂ ಹಾಗೇ ಬಂತು. ಅಳು ಬಂತು ಅವರಿಗೆ, ಎಪ್ಪತ್ತು ವರ್ಷದ ಮನುಷ್ಯನಿಗೆ.

"ಕೊಡಿ ಇಲ್ಲಿ" ಎಂದು ಆಯಾ ಮಾರ್ಕರ್ ಕಿತ್ತುಕೊಂಡು, ಡಬ್ಬಿಯ ಮೈತುಂಬ 'ರಾತ್ರಿ' ಎಂದು ಬರೆದು, ಹಾಸಿಗೆಯ ಮೇಲಿಟ್ಟು ಬಿಸಿನೀರು ತರಲು ಹೋದಳು.

ಅಕ್ಕನ ಎಡಗೈ ಆಡಿತು. ತಡವರಿಸಿ ತಡವರಿಸಿ ಡಬ್ಬಿಯನ್ನು ಮುಟ್ಟಿತು. ಹೆಬ್ಬೆರಳು ಆ ಅಕ್ಷರಗಳನ್ನು ಮೆಲ್ಲಗೆ ಉಜ್ಜತೊಡಗಿತು.

ಅರ್ಥವಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೇಷ್ಟ್ರು ಡಬ್ಬಿಯನ್ನು ಎತ್ತಿಡಬೇಕಿತ್ತು, ಎತ್ತಿಡಲಿಲ್ಲ. ಮಸಿ ಇನ್ನೂ ಆರಿರಲಿಲ್ಲ; ಅಕ್ಷರ ಒಂದೊಂದಾಗಿ ಅಳಿಸಿಹೋಗುತ್ತಿತ್ತು.