ಹೂ ಬಿಡದ ಅವರೆ

"ನಂಜವ್ವಾ, ಆ ಲೈಟು ಆಕ್‌ಬ್ಯಾಡ, ಒಸಿ ತಡಿ!"

ಹುಚ್ಚೀರಯ್ಯ ತನ್ನ ಅವರೆ ಹೊಲದ ನಡುವಿನಿಂದ ಕೂಗಿದಾಗ ಚಿಕ್ಕನಂಜಮ್ಮನ ಕೈ ಪಂಪ್‌ಮನೆಯ ಸ್ವಿಚ್ಚಿನ ಮೇಲಿತ್ತು. ಹೊತ್ತು ಮುಳುಗುತ್ತಿತ್ತು.

ಈ ಕೂಗಿಗೇ ಅವಳು ಕಾದಿದ್ದಳು. ಹೋದ ವರ್ಷ ಹೂಬಿಟ್ಟಿದ್ದ ಅವಳ ಅವರೆಯನ್ನು ಪಕ್ಕದ ಹೊಲದ ಇವನ ದನಗಳು ಬುಡಮಟ್ಟ ಮೇಯ್ದಿದ್ದವು. ಸಂಕ್ರಾಂತಿಗೆ ಬೇಯಿಸಲು ಒಂದು ಹಿಡಿ ಕಾಯಿ ಉಳಿಯಲಿಲ್ಲ. ತಮ್ಮೂರು ದುದ್ದದ ಅರಳಿಕಟ್ಟೆಗೆ ನ್ಯಾಯಕ್ಕೆ ಕರೆದರೆ, "ನಮ್ ದನ ಗೂಟ ಬುಟ್ಟು ಅಳ್ಳಾಡಿಲ್ಲ. ಗಂಡ ಸತ್ ಮ್ಯಾಲೆ ಇವ್ಳ್‌ಗೆ ಬುದ್ಧಿ ನೆಟ್ಟಗಿಲ್ಲ" ಎಂದಿದ್ದ. ಕಟ್ಟೆಯೆಲ್ಲ ನಕ್ಕಿತ್ತು. ಆ ನಗುವನ್ನು ಅವಳು ಮರೆತಿರಲಿಲ್ಲ.

ಅವರೆ ಹಟಮಾರಿ ಗಿಡ. ಹಗಲು ಮೋಟಾಗಿ ರಾತ್ರಿ ಉದ್ದವಾಗದೆ ಹೂ ಬಿಡುವುದಿಲ್ಲ. ಕತ್ತಲೆಯ ಲೆಕ್ಕ ಹಿಡಿಯುವುದು ಅದರ ಎಲೆ. ಬೀದಿದೀಪದ ಕೆಳಗಿದ್ದ ತನ್ನ ಹಿತ್ತಲ ಬಳ್ಳಿ ಬರೀ ಸೊಪ್ಪಾಗಿದ್ದನ್ನು ಅವಳು ಕಂಡಿದ್ದಳು. ಈ ಸಲ ಪಂಪ್‌ಮನೆಯ ಮೇಲೆ ದೊಡ್ಡ ಫೋಕಸ್ ಲೈಟು ಕಟ್ಟಿಸಿ, ಮುಖವನ್ನು ಅವನ ಹೊಲಕ್ಕೆ ತಿರುಗಿಸಿ, ದಿನಾ ರಾತ್ರಿಯಿಡೀ ಉರಿಸಿದಳು. ಕೇಳಿದವರಿಗೆ, "ಅಂದಿ ಕಾಟ ಕಣಪ್ಪ" ಅಂದಳು.

ಹುಚ್ಚೀರಯ್ಯನ ಅವರೆ ಸೊಂಪಾಗಿ ಹಬ್ಬಿತು. ಮೊದಮೊದಲು ಅವನು ಮೀಸೆ ತಿರುವಿದ. ಊರ ಅವರೆಯೆಲ್ಲ ಹೂವಾದರೂ ಅವನದು ಎಲೆಯ ಮೇಲೆ ಎಲೆ. ಬದುವಿನ ತೆಂಗಿನಮರ ದೀಪಕ್ಕೆ ಅಡ್ಡವಾಗಿತ್ತು. ಅದರ ನೆರಳು ಬೀಳುವಷ್ಟು ಉದ್ದಕ್ಕೆ ಮಾತ್ರ, ಒಂದು ಪಟ್ಟಿ, ಬೆಳ್ಳಗೆ ಹೂ ಬಿಟ್ಟಿತ್ತು. ಆ ಪಟ್ಟಿ ನೇರವಾಗಿ ಅವಳ ದೀಪವನ್ನೇ ತೋರುತ್ತಿತ್ತು.

"ಎಲ್ಲಾ ಗೊತ್ತಾಯ್ತು ಕಣವ್ವ" ಎಂದ ಹುಚ್ಚೀರಯ್ಯ, ಆ ಪಟ್ಟಿಯೊಳಗೇ ನಿಂತು. "ಮೇಯ್ದಿದ್ದು ನಮ್ ದನವೇ. ಇನ್ನಾರ ಆಕ್‌ಬ್ಯಾಡ. ಮಗ್ಳು ಬಸ್ರಿ, ಅಬ್ಬಕ್ಕೆ ಬತ್ತವ್ಳೆ. ಅವ್ರೇಕಾಯಿ ಬೇಕು ಅಂತ ಬಾಯ್‌ಬುಟ್ಟು ಕೇಳವ್ಳೆ."

"ನನ್‌ಗೊಬ್ಳಿಗೆ ಯೋಳಿದ್ರೆ ಏನ್ ಬಂತು ಉಚ್ಚೀರಣ್ಣ? ಅವತ್ತು ನಗಾಡಿದ್ರಲ್ಲ, ಕಟ್ಟೆ ಮ್ಯಾಲೆ, ಅವ್ರ್ ಮುಂದೆ ಯೋಳು."

ಅವನು ತಲೆ ತಗ್ಗಿಸಿ ಕಾಲ್ಬೆರಳಿನಿಂದ ಮಣ್ಣು ಕೆದಕಿದ. "ಅದೊಂದ್ ಆಗಕಿಲ್ಲ."

ಆಗುವುದಿಲ್ಲವಂತೆ! ಬಸುರಿ ಹುಡುಗಿಯನ್ನು ನೆನೆದು ಅವಳು ಸ್ವಿಚ್ಚಿನಿಂದ ಕೈ ಹಿಂದೆಗೆದಳು. ಆದರೂ ಸ್ವಿಚ್ಚು ಒತ್ತಿದಳು.

ಹೊಲವೆಲ್ಲ ಹಗಲಾಯಿತು. ಹುಚ್ಚೀರಯ್ಯ ಮನೆಕಡೆ ಹೊರಡಲಿಲ್ಲ. ಪಟ್ಟಿಯಿಂದ ಬೆಳಕಿಗೆ ಬಂದು, ಹೆಗಲ ಮೇಲಿನ ಟವಲು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ದೀಪಕ್ಕೆ ಎದುರಾಗಿ ನಿಂತ. ಅವನ ಬೆನ್ನ ಹಿಂದೆ ಒಂದಿಷ್ಟು ಬಳ್ಳಿಗೆ ಕತ್ತಲಾಯಿತು.