ನೀರಿನಿಂದ ಮಾತ್ರ ಕಾಣುವ ಕೋಟೆ

ಶುಕ್ರವಾರದ ಜುಮಾ ನಮಾಜು ಮುಗಿಸಿ ಬಂದ ಕುಂಞಾಲಿ ಊಟಕ್ಕೆ ಕೂರುವಷ್ಟರಲ್ಲಿ ಮಗಳು ಶಮೀಮ ತನ್ನ ಫೋನನ್ನು ಅವನ ಕೈಗೆ ಕೊಟ್ಟಳು. ಪರದೆಯ ಮೇಲೊಂದು ದೊಡ್ಡ ಸರೋವರ, ಸುತ್ತ ಬೆಟ್ಟಗಳು, ನೀರಿನೊಳಕ್ಕೆ ಚಾಚಿಕೊಂಡ ನೆಲದ ತುದಿಯಲ್ಲಿ ಗೋಪುರವಿದ್ದ ಹಳೆಯ ಕಲ್ಲಿನ ಕೋಟೆ.

“ಆಗಸ್ಟಲ್ಲಿ ನಾವು ಮೂವರೂ ಇಲ್ಲಿಗೆ ಹೋಗುದು,” ಎಂದಳು ಶಮೀಮ. “ಫ್ರಾನ್ಸಿಗೆ. ಈ ಸಲ ವೆಕೇಶನ್ ಅಂದ್ರೆ ಊರಲ್ಲ, ಮೊದ್ಲೇ ಹೇಳ್ತಾ ಇದ್ದೇನೆ.”

ಅದು 2015ರ ಫೆಬ್ರವರಿ. ಶಮೀಮ ಅಬುಧಾಬಿಯಲ್ಲಿ ಫ್ರೆಂಚ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಗುರುವಾರ ಸಂಜೆಯ ಬಸ್ಸಿನಲ್ಲಿ ದುಬೈಗೆ ಬಂದು ಎರಡು ದಿನ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ತಂದೆತಾಯಿಯ ಜೊತೆ ಇರುತ್ತಿದ್ದಳು. ಹಿಂದಿನ ವರ್ಷ ಕಂಪನಿಯವರು ಅವಳನ್ನು ತರಬೇತಿಗೆಂದು ಆನ್ಸಿ ಎಂಬ ಆ ಸರೋವರದ ಊರಿಗೆ ಕಳಿಸಿದ್ದರು. ಅಂದಿನಿಂದ ಉಮ್ಮನನ್ನೂ ಉಪ್ಪನನ್ನೂ ಅಲ್ಲಿಗೆ ಕರೆದೊಯ್ಯಬೇಕೆಂಬ ಆಸೆ ಅವಳ ತಲೆ ಹೊಕ್ಕಿತ್ತು.

“ಈ ಕೋಟೆ ಯಾರದ್ದೋ ಮನೆ ಅಂತೆ, ಒಳಗೆ ಬಿಡುದಿಲ್ಲ,” ಎಂದು ಅವಳು ವಿವರಿಸಿದಳು. “ರಸ್ತೆಯಿಂದ ನೋಡಿದ್ರೆ ಬರೀ ಮರ. ದೋಣಿ ಬಾಡಿಗೆಗೆ ತಗೊಂಡು ನೀರಿನ ಮೇಲೆ ಹೋದ್ರೆ ಮಾತ್ರ ಇಡೀ ಕಾಣ್ತದೆ.”

ಕುಂಞಾಲಿ ಫೋಟೊವನ್ನು ದೊಡ್ಡದು ಮಾಡಿ ನೋಡಿದ. ಅವನು ನೋಡುತ್ತಿದ್ದುದು ಕೋಟೆಯನ್ನಲ್ಲ, ಅದರ ಪಕ್ಕದಲ್ಲಿ ತೇಲುತ್ತಿದ್ದ ಚಿಕ್ಕ ದೋಣಿಯನ್ನು. “ಹುಟ್ಟು ಹಾಕುವ ದೋಣಿ!” ಎಂದ. ಮೂವತ್ತು ವರ್ಷಗಳಿಂದ ದುಬೈಯ ಸತ್ವಾದಲ್ಲಿ ಟೈಲರ್ ಅಂಗಡಿ ನಡೆಸುತ್ತಿದ್ದ ಆ ಮನುಷ್ಯನ ಮುಖ ಒಮ್ಮೆಲೇ ಹುಡುಗನದ್ದಾಯಿತು. ಅವನ ತಂದೆ ನೇತ್ರಾವತಿಯ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದವರು. ನಡೆಯಲು ಕಲಿತ ಕಾಲಕ್ಕೇ ಕುಂಞಾಲಿ ದೋಣಿಯನ್ನೂ ಕಲಿತಿದ್ದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಖೈರುನ್ನಿಸ ಗಂಡನ ಆ ಮುಖ ನೋಡಿದಳು. ನೋಡಿಯೂ, “ನೀವಿಬ್ಬರು ಹೋಗಿ ಬನ್ನಿ, ನಾನು ದಡದಲ್ಲಿ ಕೂತ್ಕೊಳ್ತೇನೆ,” ಎಂದಳು.

ಕುಂಞಾಲಿ ಫೋನನ್ನು ಮಗಳಿಗೆ ಮರಳಿಸಿದ. “ಹಾಗಾದ್ರೆ ನಾನೂ ಕೂತ್ಕೊಳ್ತೇನೆ. ದಡದಲ್ಲಿ ಎಂತ, ಗಾಳಿ ಇಲ್ವಾ? ಸಾಕು,” ಎಂದು ಅನ್ನಕ್ಕೆ ಸಾರು ಬಡಿಸಿಕೊಂಡ.

ಖೈರುನ್ನಿಸಳ ಬಾಲ್ಯವೂ ಅದೇ ನದಿಯ ಇನ್ನೊಂದು ದಡದಲ್ಲಿ ಕಳೆದಿತ್ತು. ಅವಳಿನ್ನೂ ಚಿಕ್ಕವಳಿದ್ದಾಗ ಒಂದು ಮಳೆಗಾಲದಲ್ಲಿ ಮದುವೆಗೆ ಹೊರಟಿದ್ದ ದೋಣಿ ನಡುನೀರಿನಲ್ಲಿ ಮಗುಚಿತು. ಯಾರೋ ಅವಳ ಜಡೆಗೆ ಕೈಹಾಕಿ ಮೇಲೆಳೆದರು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸೋದರತ್ತೆ ಬೀಫಾತಿಮ ಮಾತ್ರ ಮೇಲೆ ಬರಲಿಲ್ಲ. ಆಮೇಲೆ ಖೈರುನ್ನಿಸ ದೋಣಿ ಹತ್ತಲಿಲ್ಲ. ದುಬೈಗೆ ಬಂದ ಮೇಲೂ ಅಷ್ಟೇ. ದೇರಾದಿಂದ ಬರ್ ದುಬೈಗೆ ನಡುವಿನ ಸಮುದ್ರದ ಖಾರಿ ದಾಟಲು ಎಲ್ಲರೂ ಅಬ್ರಾ ದೋಣಿ ಹತ್ತಿದರೆ ಅವಳು ಬಸ್ಸು ಹಿಡಿದು ಸುತ್ತಿಕೊಂಡು ಹೋಗುತ್ತಿದ್ದಳು. ಕುಂಞಾಲಿಯೂ ಅವಳ ಜೊತೆಗೇ ಬಸ್ಸು ಹತ್ತುತ್ತಿದ್ದ. ಅದನ್ನು ಅವಳು ಎಂದೂ ದೊಡ್ಡ ವಿಷಯವೆಂದು ತಿಳಿದಿರಲಿಲ್ಲ. ಅಂದು ಮಾತ್ರ, ಮರಳಿಸಿದ ಆ ಫೋನು ಅವಳ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ತನ್ನ ಹೆದರಿಕೆಗಾಗಿ ಈ ಮನುಷ್ಯ ಇಡೀ ಜೀವಮಾನ ನೀರು ಬಿಟ್ಟು ಬದುಕಿದ್ದಾನೆ. ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ.

ಭಾನುವಾರ ಶಮೀಮ ಅಬುಧಾಬಿಗೆ, ಕುಂಞಾಲಿ ಅಂಗಡಿಗೆ ಹೋದ ಮೇಲೆ ಖೈರುನ್ನಿಸ ಎದುರು ಫ್ಲ್ಯಾಟಿನ ಬೆಲ್ ಒತ್ತಿದಳು. ಅಲ್ಲಿದ್ದವಳು ಅಗಾತಾ, ಶಿರ್ವದ ಕಡೆಯವಳು, ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಗಂಡನ ವೀಸಾದಲ್ಲಿದ್ದಳು. ಅಲ್ ಮಮ್ಝರ್ ಬೀಚಿನಲ್ಲಿ ಹೆಂಗಸರಿಗೆಂದೇ ಮೀಸಲಾದ ದಿನಗಳಲ್ಲಿ ತಪ್ಪದೆ ಈಜಲು ಹೋಗುವವಳು.

“ಅಗಾತಾ ಬಾಯಿ, ನಂಗೆ ಈಜು ಕಲಿಸ್ತೀರಾ? ಇವರಿಗೆ ಗೊತ್ತಾಗ್ಬಾರ್ದು.”

ಅಗಾತಾ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುವಾಗ್ಲೂ ದೂರ ನಿಲ್ಲುವವಳು ನೀನು!” ಎಂದು ನಕ್ಕಳು. ಖೈರುನ್ನಿಸ ನಗಲಿಲ್ಲ. ಅಗಾತಾ ಕೂಡಲೇ ಗಂಭೀರಳಾದಳು. “ಕಲಿಸ್ತೇನೆ. ಆದ್ರೆ ಅರ್ಧಕ್ಕೆ ಬಿಟ್ರೆ ನಾನು ಮಾತಾಡುದಿಲ್ಲ.”

ಮೊದಲ ದಿನ ಮೈತುಂಬ ಮುಚ್ಚುವ ಈಜುಡುಗೆ ತೊಟ್ಟ ಖೈರುನ್ನಿಸ ಕಣಕಾಲು ಮುಳುಗುವ ನೀರಿನಲ್ಲಿ ನಿಂತು ಅಗಾತಾಳ ಕೈಯನ್ನು ನೋಯುವಷ್ಟು ಹಿಡಿದಳು. ಮರುವಾರ ಮೊಣಕಾಲು, ಆಮೇಲೆ ಸೊಂಟ. ನಿಧಾನವಾಗಿ ಮುಖ ನೀರಿನೊಳಗಿಟ್ಟು ಉಸಿರು ಬಿಡಲು ಕಲಿತಳು. ಒಂದು ಬುಧವಾರ ಜೆಟ್‌ಸ್ಕಿಯೊಂದು ದೂರದಲ್ಲಿ ಹಾದು ಅಲೆಯೆಬ್ಬಿಸಿತು. ಅಲೆ ತಲೆಯ ಮೇಲಿಂದ ಹೋದಾಗ ಖೈರುನ್ನಿಸಳಿಗೆ ದಿಕ್ಕು ತಪ್ಪಿತು. ಉಪ್ಪುನೀರು ಮೂಗಿಗೇರಿ, ಕಿರುಚಿಕೊಂಡು, ತೆವಳುತ್ತ ಮರಳಿಗೆ ಬಂದು ಬಿದ್ದಳು.

“ಖಲಾಸ್! ನನ್ನಿಂದ ಆಗ್ಲಿಕ್ಕಿಲ್ಲ!” ಎಂದು ಅಳತೊಡಗಿದಳು. “ಬೀಫಾತಿಮತ್ತೆಯ ಕೈ ಈಗ್ಲೂ ನನ್ನ ಸೊಂಟದಲ್ಲಿ ಉಂಟು ಬಾಯಿ. ಅವರು ನನ್ನನ್ನು ಮೇಲೆ ತಳ್ಳಿದ್ದು. ತಳ್ಳಿ ಅವರು ಕೆಳಗೆ ಹೋದ್ರು.”

ಇದನ್ನು ಅವಳು ಅಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಅಗಾತಾ ಟವೆಲು ಹೊದಿಸಿ ಪಕ್ಕದಲ್ಲಿ ಕೂತಳು. ಅವಳ ಬೆನ್ನಿಗಂಟಿದ ಮರಳು ಕೊಡವುತ್ತ, “ಮೇಲೆ ತಳ್ಳಿದ್ದಲ್ವಾ ಮಾರಾಯ್ತಿ,” ಎಂದಷ್ಟೇ ಹೇಳಿದಳು.

ಮುಂದಿನ ಸೋಮವಾರ ಅಗಾತಾ ಕರೆಯಲು ಬರಲಿಲ್ಲ, ಬೇಕೆಂದೇ ಸುಮ್ಮನಿದ್ದಳು. ಬೆಳಿಗ್ಗೆ ಅವಳ ಬಾಗಿಲು ಬಡಿದದ್ದು ಖೈರುನ್ನಿಸಳೇ. ಭುಜದಲ್ಲಿ ಚೀಲ ನೇತುಹಾಕಿಕೊಂಡಿದ್ದಳು. “ಯಲ್ಲಾ, ಹೋಗುವಾ. ಬಿಸಿಲು ಏರ್ತದೆ.”

ಅಂದು ಬೆನ್ನ ಮೇಲೆ ಮಲಗಿದ ಅವಳ ಕೆಳಗಿನಿಂದ ಅಗಾತಾ ತನ್ನ ಅಂಗೈಯನ್ನು ಮೆಲ್ಲಗೆ ತೆಗೆದಳು. ಖೈರುನ್ನಿಸ ತೇಲುತ್ತಲೇ ಇದ್ದಳು. ಕಿವಿಯ ತುಂಬ ನೀರಿನ ಸದ್ದು, ಕಣ್ಣ ತುಂಬ ಆಕಾಶ. ರಂಜಾನ್ ಬರುವಷ್ಟರಲ್ಲಿ ಬೀಚಿನ ಹಗ್ಗದ ಗಡಿಯವರೆಗೆ ಈಜಿ ಹಿಂತಿರುಗುವಷ್ಟಾಗಿದ್ದಳು. ವಿಷಯ ಶಮೀಮಳಿಗೆ ಮಾತ್ರ ಗೊತ್ತಿತ್ತು. ಸತ್ವಾದ ಅಂಗಡಿಯಲ್ಲಿ ಕುಂಞಾಲಿ ಈದಿನ ಬಟ್ಟೆ ಹೊಲಿಯುತ್ತ ಮುಳುಗಿಹೋಗಿದ್ದ.

ಆಗಸ್ಟಿನಲ್ಲಿ ಮೂವರೂ ಆನ್ಸಿಗೆ ಬಂದಿಳಿದರು. ದುಬೈಯ ಕುಲುಮೆಯಿಂದ ಹೋದವರಿಗೆ ಅಲ್ಲಿಯ ಬೆಳಗು ಫ್ರಿಜ್ಜಿನ ಬಾಗಿಲು ತೆರೆದಂತಿತ್ತು. ಮೊದಲ ದಿನ ಬೆಟ್ಟದ ಮೇಲಿನ ಒಂದು ಕೋಟೆಗೆ ಹೋದರು. ಸುರುಳಿ ಮೆಟ್ಟಿಲು, ಆಳೆತ್ತರದ ಒಲೆ, ಕಿಟಕಿಯಿಂದ ಕೆಳಗೆ ಸರೋವರ. ಕುಂಞಾಲಿ ರಾಜರ ಕಾಲದ ಪರದೆಗಳ ಅಂಚಿನ ಹೊಲಿಗೆಗೆ ಮೂಗು ತಾಗಿಸಿ ನೋಡಿ ಕಾವಲಿನ ಹೆಂಗಸಿನಿಂದ ಬೈಸಿಕೊಂಡ. ಖೈರುನ್ನಿಸ ಅಡುಗೆಮನೆಯ ತಾಮ್ರದ ಪಾತ್ರೆಗಳ ಎದುರು ನಿಂತು, “ಇದ್ರಲ್ಲಿ ಇಡೀ ಮದುವೆಯ ಬಿರಿಯಾನಿ ಆಗ್ತದೆ,” ಎಂದಳು.

ಎರಡನೆಯ ದಿನ ಫೋಟೊದಲ್ಲಿದ್ದ ಕೋಟೆಯ ಸಮೀಪ ದೋಣಿ ಬಾಡಿಗೆಗೆ ಸಿಗುವ ಕಟ್ಟೆಗೆ ಬಂದರು. ಕುಂಞಾಲಿ ಒಂದು ಬೆಂಚು ಹುಡುಕಿ ಕೂತ. “ಇಲ್ಲಿ ಒಳ್ಳೆ ನೆರಳು ಉಂಟು.”

“ಏಳಿ,” ಎಂದಳು ಖೈರುನ್ನಿಸ. “ದೋಣಿ ನಡೆಸುವವರು ಬೆಂಚಲ್ಲಿ ಕೂತ್ರೆ ಹೇಗೆ?”

ಅವನು ತಮಾಷೆಯೆಂದುಕೊಂಡ. ಅವಳು ಲೈಫ್ ಜಾಕೆಟ್ ಕಟ್ಟಿಸಿಕೊಂಡು ಬಂದಾಗ ಎದ್ದು ನಿಂತ. ದೋಣಿಗೆ ಕಾಲಿಡುವ ಮೊದಲು ಅವಳು ಕಟ್ಟೆಯ ಕಂಬವನ್ನು ಗಟ್ಟಿಯಾಗಿ ಹಿಡಿದದ್ದು ಅವನಿಗೆ ಕಂಡಿತು. ಆದರೂ ಅವಳು ಹತ್ತಿದಳು. ಶಮೀಮ ಮುಂದಿನ ತುದಿಯಲ್ಲಿ, ಖೈರುನ್ನಿಸ ಹಿಂದೆ, ನಡುವೆ ಅವಳಿಗೆ ಮುಖಮಾಡಿ ಹುಟ್ಟು ಹಿಡಿದ ಕುಂಞಾಲಿ. ನಾಲ್ಕು ಸಲ ಎಳೆಯುವಷ್ಟರಲ್ಲಿ ಅವನ ಕೈಗೆ ಹಳೆಯ ಲಯ ಬಂತು. ಅವನು ಬ್ಯಾರಿ ಭಾಷೆಯಲ್ಲಿ ಏನೋ ಗುನುಗತೊಡಗಿದ. ಮದುವೆಯಾದಂದಿನಿಂದ ಅವನು ಗುನುಗಿದ್ದನ್ನು ಅವಳು ಕೇಳಿರಲಿಲ್ಲ.

ಕೋಟೆಯ ಗೋಪುರದ ತುದಿ ಮರಗಳ ಮೇಲೆ ಕಾಣಿಸಿತು. ಅಷ್ಟರಲ್ಲಿ ಪ್ರವಾಸಿಗಳ ದೊಡ್ಡ ಬೋಟೊಂದು ಹಾದುಹೋಯಿತು. ಅದರ ಅಲೆಗೆ ದೋಣಿ ಎದ್ದು ಬಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಸವೆದಿದ್ದ ಕುಂಞಾಲಿಯ ಬಲಭುಜ ಥಟ್ಟನೆ ಹಿಡಿದುಕೊಂಡಿತು. ಅವನು ನೋವಿನಿಂದ ಕೈಬಿಟ್ಟ. ಹುಟ್ಟು ಕೊಂಡಿಯಿಂದ ಜಾರಿ ನೀರಿಗೆ ಬಿತ್ತು. ಗಾಳಿ ಅದನ್ನು ದೂರ ತಳ್ಳಿಕೊಂಡು ಹೋಯಿತು. ಉಳಿದ ಒಂದೇ ಹುಟ್ಟಿನಿಂದ ಎಳೆದರೆ ದೋಣಿ ಇದ್ದಲ್ಲೇ ಸುತ್ತುತ್ತಿತ್ತು.

“ಉಪ್ಪಾ, ಯಾರನ್ನಾದ್ರೂ ಕರೆಯುವಾ,” ಎಂದಳು ಶಮೀಮ. ಅವಳಿಗೆ ಈಜು ಬಾರದು.

ಕುಂಞಾಲಿ ಕೇಳಿಸಿಕೊಳ್ಳಲಿಲ್ಲ. ಒಂದು ಕೈ ಎತ್ತಲಾಗದಿದ್ದರೂ ಇನ್ನೊಂದರಿಂದ ಚಪ್ಪಲಿ ಬಿಚ್ಚತೊಡಗಿದ್ದ. ದೋಣಿಯವನ ಮಗ ಹುಟ್ಟು ಕಳೆದುಕೊಂಡು ಯಾರನ್ನೋ ಕರೆಯುವುದುಂಟೇ?

“ನೀವು ಕೂತ್ಕೊಳ್ಳಿ,” ಎಂದಳು ಖೈರುನ್ನಿಸ.

“ಖೈರೂ, ನೀನು ಅಲ್ಲಾಡ್ಬೇಡ! ಗಟ್ಟಿ ಹಿಡ್ಕೊ!”

ಅವಳು ಹಿಡಿದುಕೊಳ್ಳಲಿಲ್ಲ. “ಬಿಸ್ಮಿಲ್ಲಾ” ಎಂದು ದೋಣಿಯ ಅಂಚಿನಿಂದ ಜಾರಿದಳು.

ನೀರು ಮಮ್ಝರಿನಂತಿರಲಿಲ್ಲ. ತಣ್ಣಗೆ ಕೊರೆಯಿತು, ಉಸಿರು ಕಟ್ಟಿತು. ಹಿಂದಿನಿಂದ ಗಂಡ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಸೊಂಟದ ಬಳಿ, ಅಂದು ಬೀಫಾತಿಮತ್ತೆ ಮೇಲೆ ತಳ್ಳಿದ್ದ ಆ ಜಾಗದಲ್ಲಿ, ಒಂದು ಕೈ ಒತ್ತಿದಂತಾಯಿತು. ಅವಳು ಹೆದರಲಿಲ್ಲ. ಕಾಲು ಬಡಿದಳು, ಕೈ ಚಾಚಿದಳು, ಉಬ್ಬಿದ ಜಾಕೆಟ್ಟು ಗಲ್ಲಕ್ಕೆ ಒತ್ತುತ್ತಿದ್ದರೂ ಮುಂದೆ ಸಾಗಿದಳು. ಹುಟ್ಟು ಎರಡು ಸಲ ಬೆರಳಿಗೆ ತಾಗಿ ಜಾರಿತು. ಮೂರನೆಯ ಸಲ ಸಿಕ್ಕಿತು.

ಪಕ್ಕದಲ್ಲಿ ಪೆಡಲ್ ದೋಣಿಯಲ್ಲಿದ್ದ ಮುದುಕ ದಂಪತಿಗಳು ಸಹಾಯಕ್ಕೆಂದು ತಿರುಗಿದರು. ಖೈರುನ್ನಿಸ ಕತ್ತಾಡಿಸಿ ಬೇಡವೆಂದಳು. ಹುಟ್ಟನ್ನು ಮುಂದೆ ತಳ್ಳುತ್ತ, ಕಾಲಿನಲ್ಲೇ ನೀರು ಬಡಿಯುತ್ತ ಅವಳು ದೋಣಿಯತ್ತ ಬರತೊಡಗಿದಾಗ ಆ ಮುದುಕಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. “ಬ್ರಾವೊ! ಬ್ರಾವೊ, ಮದಾಂ!”

ತಂದೆ ಮಗಳು ಸೇರಿ ಅವಳನ್ನು ಹಿಂಬದಿಯಿಂದ ಎಳೆದು ಹಾಕಿಕೊಂಡರು. ದೋಣಿಯ ತಳದಲ್ಲಿ ಕೂತು ಅವಳು ಕೆಮ್ಮಿದಳು, ಆಮೇಲೆ ನಕ್ಕಳು. ನಗು ನಿಲ್ಲಲೇ ಇಲ್ಲ. ಕುಂಞಾಲಿ ಅವಳ ಒದ್ದೆ ದುಪಟ್ಟಾದ ಅಂಚನ್ನು ಹಿಂಡುತ್ತ, “ಯಾವಾಗ? ಎಲ್ಲಿ?” ಎಂದ.

“ಮಮ್ಝರಲ್ಲಿ. ನೀವು ಅಂಗಡಿಯಲ್ಲಿ ಇರುವಾಗ.”

“ಎಂತಕ್ಕೆ?”

“ನೀವು ದಡದಲ್ಲಿ ಕೂತ್ಕೊಳ್ತೇನೆ ಅಂದ್ರಿ. ನಂಗದು ಸರಿ ಕಾಣ್ಲಿಲ್ಲ.”

ಕುಂಞಾಲಿ ಸರೋವರದ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಶಮೀಮ ಹಿಂತಿರುಗೋಣವೆಂದಳು, ಉಮ್ಮನಿಗೆ ಥಂಡಿಯಾಗುತ್ತದೆಂದಳು. ಖೈರುನ್ನಿಸ ಗಂಡನನ್ನು ಹಿಂದಕ್ಕೆ ಸರಿಸಿ ನಡುವಿನ ಹಲಗೆಯ ಮೇಲೆ ತಾನು ಕೂತಳು. “ನಿಮ್ಮ ಕೈಗೆ ಆಗುದಿಲ್ಲ. ಹೇಗೆ ಎಳೆಯುದು ಹೇಳಿ.”

ಅವನು ಹೇಳಿಕೊಟ್ಟ. “ಆಳ ಬೇಡ. ಎರಡೂ ಒಟ್ಟಿಗೆ. ಹಾಂ, ಈಗ ಎಳಿ.” ದೋಣಿ ಮೊದಲು ವಕ್ರವಕ್ರವಾಗಿ ಹೋಯಿತು, ಮರಗಳ ಕೊಂಬೆಗೆ ತಾಗುವಂತಾಯಿತು, ಆಮೇಲೆ ನೇರವಾಯಿತು. ನೆಲದ ತಿರುವು ದಾಟಿದ್ದೇ ತಡ, ಇಡೀ ಕೋಟೆ ಎದುರು ನಿಂತಿತು. ಬಳ್ಳಿ ಹಬ್ಬಿದ ಬೂದುಗೋಡೆ, ದುಂಡನೆಯ ಗೋಪುರ, ನೀರಿಗಿಳಿಯುವ ಕಲ್ಲುಮೆಟ್ಟಿಲು. ಕೆಳಗೆ ಅದರದೇ ಬಿಂಬ ಅಲ್ಲಾಡುತ್ತಿತ್ತು. ಶಮೀಮಳಿಗೆ ಫೋಟೊ ತೆಗೆಯುವುದೂ ಮರೆತುಹೋಯಿತು.

“ನನ್ನ ಉಪ್ಪ ಇದ್ದಿದ್ರೆ,” ಎಂದ ಕುಂಞಾಲಿ, “ನಿನ್ನನ್ನು ಕಡವಲ್ಲಿ ಕೆಲಸಕ್ಕೆ ಇಟ್ಕೊಳ್ತಿದ್ರು.”

“ಸಂಬಳ ಕೇಳ್ತಿದ್ದೆ,” ಎಂದಳು ಖೈರುನ್ನಿಸ. ಅವಳ ಅಂಗೈ ಕೆಂಪಾಗಿತ್ತು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ಅವಳು ಭುಜದ ಮೇಲಿಂದ ಸರೋವರದ ಆಚೆ ದಡವನ್ನು ನೋಡಿದಳು. ಅಲ್ಲಿ ಬಿಸಿಲಿನಲ್ಲಿ ಕೆಂಪು ಹೆಂಚಿನ ಮನೆಗಳು ಕಾಣುತ್ತಿದ್ದವು.

“ಆ ಬದಿಯಲ್ಲಿ ಎಂತ ಉಂಟು ಶಮೀಮ?”

“ಒಂದು ಸಣ್ಣ ಊರು. ಐಸ್‌ಕ್ರೀಮ್ ಸಿಗ್ತದೆ. ಬಟ್ ಉಮ್ಮ, ಇಟ್ಸ್ ಫಾರ್!”

ಖೈರುನ್ನಿಸ ಹುಟ್ಟುಗಳನ್ನು ನೀರಿಗಿಳಿಸಿ, ದೋಣಿಯ ಮೂತಿಯನ್ನು ಆ ಕಡೆಗೆ ತಿರುಗಿಸಿದಳು.