ಇಪ್ಪತ್ತೆರಡು ಪಿಕ್ನಿಕ್

ರೇಣುಕಾ ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇದ್ದಳು. ಶವವಾಹನ ಹನ್ನೊಂದಕ್ಕೆ ಬರಲಿತ್ತು. ಹೂಮಾಲೆ ಹಾಕಲು ಅಮ್ಮನದೊಂದು ಫೋಟೊ ಬೇಕಿತ್ತು. ಹೊರನಾಡಿನ ಕನ್ನಡ ಬಳಗದ ಇಪ್ಪತ್ತೆರಡು ಪಿಕ್ನಿಕ್‌ಗಳ ಚಿತ್ರಗಳಲ್ಲಿ ಕೆರೆಯಿತ್ತು, ದೋಣಿಯಿತ್ತು, ಹಗ್ಗಜಗ್ಗಾಟವಿತ್ತು. ಅಮ್ಮ ಇರಲಿಲ್ಲ.

ಬೆಹಾಲಾ ಬಡಾವಣೆಯ ಫ್ಲ್ಯಾಟಿನ ನಡುಮನೆಯಲ್ಲಿ ಅಮ್ಮ ತುಂಗಮ್ಮನನ್ನು ಮಲಗಿಸಿದ್ದರು. ಅರವತ್ತೇಳು ವರ್ಷ, ನಿನ್ನೆ ಬೆಳಿಗ್ಗೆ ಹೃದಯಾಘಾತ.

"ಅವರ ಬಿಸಿಬೇಳೆಬಾತ್ ತಿನ್ನೋಕೇ ನಾವೆಲ್ಲ ಬರ್ತಿದ್ದಿದ್ದು," ಪಕ್ಕದ ಮನೆಯ ವಸಂತಾ ಮೂಗು ಒರೆಸಿಕೊಂಡರು. "ಕೆರೆ ದಡದಲ್ಲಿ ಎಷ್ಟು ಆರಾಮಾಗಿರ್ತಿದ್ವಿ!"

"ಯಾರು ಆರಾಮಾಗಿದ್ದಿದ್ದು, ಆಂಟಿ?"

"ಎಲ್ಲಾರೂ ಕಣೇ. ನಿಮ್ಮಮ್ಮಂಗೂ ಒಂದು ಔಟಿಂಗ್ ಆಗ್ತಿತ್ತು."

ರೇಣುಕಾ ಮತ್ತೆ ಫೋನಿನತ್ತ ತಿರುಗಿದಳು.

*

ಮೊದಲ ಪಿಕ್ನಿಕ್ಕಿಗೆ ಅವಳಿಗೆ ಹತ್ತು ವರ್ಷ. ಹೊಗೆ ಬರುತ್ತದೆಂದು ಒಲೆಗಳನ್ನು ಶಾಮಿಯಾನದ ಹಿಂದೆ ಹೂಡಿದ್ದರು. ಅಲ್ಲಿಂದ ಕೆರೆ ಕಾಣುತ್ತಿರಲಿಲ್ಲ.

"ಬಾಮ್ಮಾ, ದೋಣಿ ಹೊರಡ್ತಿದೆ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನಾಲ್ಕು ಹೆಜ್ಜೆ ಇಟ್ಟಿದ್ದಳು, ಅಷ್ಟೆ.

"ತುಂಗಮ್ನೋರೇ, ಎರಡನೇ ಪಂಕ್ತಿ ಕೂತಾಯ್ತು! ನೀವೇ ಕೈಬಿಟ್ರೆ ನಮ್ಮ ಗತಿ?" ಬಳಗದ ಕಾರ್ಯದರ್ಶಿ ನರಹರಿ ಕೂಗಿದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕು ಹಿಂದಿರುಗಿದಳು.

"ನೀರು ತಣ್ಣಗಿದೆಯಾ ಅಂತ ನೋಡ್ಕೊಂಬಂದು ಹೇಳು," ಎಂದಳು.

*

ಹತ್ತೂವರೆಗೆ ನರಹರಿ ಚೌಕಟ್ಟೊಂದನ್ನು ಹಿಡಿದು ಬಂದರು. "ಸಿಕ್ತು ಕಣಮ್ಮ. ಹೋದ ವರ್ಷದ ಪಿಕ್ನಿಕ್ದು. ಸ್ಟುಡಿಯೋದಲ್ಲಿ ದೊಡ್ಡದು ಮಾಡ್ಸಿದೆ."

ಆಮೇಲೆ ದನಿ ತಗ್ಗಿಸಿದರು. "ಈಗ ಕೇಳಬಾರದು. ಆದ್ರೆ ಜನವರಿ ಹನ್ನೊಂದಕ್ಕೆ ಕೆರೆ ಜಾಗ ಬುಕ್ ಆಗ್ಬಿಟ್ಟಿದೆ. ಅಮ್ಮನ ನೆನಪಿಗೆ, ಈ ಸಲದ ಅಡುಗೆ ನೀನೇ..."

"ಅಮ್ಮ ಒಂದ್ಸಲ ಆದ್ರೂ ಆ ಕೆರೆ ನೋಡಿದ್ಲಾ, ಅಂಕಲ್?"

"ಇದೇನಮ್ಮಾ! ಇಪ್ಪತ್ತೆರಡು ವರ್ಷ ಬಂದಿದಾರೆ."

"ಬಂದಿದ್ಲು. ನೋಡಿದ್ಲಾ?"

ನರಹರಿ ವಸಂತಾರ ಕಡೆ ನೋಡಿದರು. ವಸಂತಾ ನೆಲ ನೋಡಿದರು.

"ಅಡುಗೆಗೆ ನಾನು ಬರಲ್ಲ. ನೀವೇ ಕೂತ್ಕೊಳಿ, ಶಾಮಿಯಾನದ ಹಿಂದೆ."

ರೇಣುಕಾ ಚೌಕಟ್ಟನ್ನು ಕಸಿದುಕೊಂಡಳು. ಹೊಗೆಗೆ ಕೆಂಪಾದ ಕಣ್ಣಲ್ಲಿ ಅಮ್ಮ ನಗುತ್ತಿದ್ದಳು. ಚಿತ್ರದ ಎಡ ಅಂಚಿನಿಂದ ಗಂಡಸಿನ ಕೈಯೊಂದು ಒಳಚಾಚಿ ಖಾಲಿ ತಟ್ಟೆ ಹಿಡಿದಿತ್ತು. ಬೆರಳಲ್ಲಿ ಹವಳದುಂಗುರ.

"ಅದನ್ನ ಕಟ್ ಮಾಡೋಕಾಗ್ಲಿಲ್ಲ," ಎಂದರು ನರಹರಿ. "ಮಾಲೆ ಹಾಕಿದ್ರೆ ಮುಚ್ಚಿಹೋಗುತ್ತೆ ಬಿಡು."

ರೇಣುಕಾ ಚೌಕಟ್ಟನ್ನು ಅಮ್ಮನ ತಲೆಯ ಬಳಿ ಇಟ್ಟಳು. ವಸಂತಾ ರಜನೀಗಂಧದ ಮಾಲೆ ಹಾಕಿದರು. ಕೈ ಮುಚ್ಚಿಹೋಯಿತು. ರೇಣುಕಾ ಬಗ್ಗಿ, ಹೂಗಳನ್ನು ಒಂದೊಂದೇ ಬೆರಳಗಲ ಪಕ್ಕಕ್ಕೆ ಸರಿಸಿದಳು. ತಟ್ಟೆ, ಬೆರಳು, ಉಂಗುರ ಎಲ್ಲವೂ ಕಾಣುವವರೆಗೆ.

ನರಹರಿ ಬಲಗೈಯನ್ನು ಜುಬ್ಬಾದ ಜೇಬಿಗೆ ಇಳಿಸಿದರು.